ಉಪ್ಪು ನೀರಲ್ಲಿ ರೋಗಾಣು ಬದುಕಲ್ಲ ಅನ್ನೋ ಮೆಸೇಜ್ ಬಗ್ಗೆ

"ಸಮುದ್ರದ ನೀರು ಉಪ್ಪು, ಅದರಲ್ಲಿ ರೋಗಾಣು ಉಳಿಯಲ್ಲ, ಬ್ಲೂ ಫ್ಲ್ಯಾಗ್ ಬೀಚಾದ್ರೆ ಯಾವಾಗ ಬೇಕಾದ್ರೂ ಇಳೀಬಹುದು" ಅಂತ ಒಂದು ಮೆಸೇಜ್ ಓಡಾಡ್ತಾ ಇದೆ. ಎರಡೂ ತಪ್ಪು. (ಬ್ಲೂ ಫ್ಲ್ಯಾಗ್ ಅಂದ್ರೆ ಸ್ವಚ್ಛ, ಸುರಕ್ಷಿತ ಬೀಚ್‌ಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆಯ ಬಾವುಟ.)

ಉಪ್ಪಿಗೆ ಇ-ಕೋಲಿ ಅನ್ನೋ ಕರುಳಿನ ಬ್ಯಾಕ್ಟೀರಿಯಾ ಬೇಗ ಸಾಯುತ್ತದೆ, ನಿಜ. ಆದರೆ ಎಂಟರೋಕಾಕೈ ಅನ್ನೋ ಇನ್ನೊಂದು ಕರುಳಿನ ಬ್ಯಾಕ್ಟೀರಿಯಾ ಉಪ್ಪು ನೀರಲ್ಲಿ ಅದಕ್ಕಿಂತ ಜಾಸ್ತಿ ದಿನ ತಾಳಿಕೊಳ್ಳುತ್ತದೆ. ಬೀಚಿನ ನೀರಲ್ಲಿ ಅದನ್ನೂ ಹುಡುಕುವುದು ಅದಕ್ಕೇ. ಅದು ಸಿಕ್ಕಿದರೆ ಮಲದ ನೀರು ಸೇರಿದೆ ಎಂದರ್ಥ, ಜೊತೆಗೆ ವಾಂತಿ ಭೇದಿ ತರುವ ವೈರಸ್‌ಗಳೂ ಇರಬಹುದು.

ನಮ್ಮ ಪಡುಬಿದ್ರಿ, ಕಾಸರಕೋಡು ಬೀಚ್‌ಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು. ಖುಷಿಯ ವಿಷಯವೇ. ಅದರ ಲೆಕ್ಕದಲ್ಲಿ 100 ಮಿಲಿ ನೀರಲ್ಲಿ ಇ-ಕೋಲಿ 250, ಎಂಟರೋಕಾಕೈ 100 ದಾಟಬಾರದು. ಆದರೆ ಸೀಸನ್‌ನಲ್ಲಿ ಎರಡು ಸ್ಯಾಂಪಲ್‌ಗಳ ನಡುವೆ 31 ದಿನದವರೆಗೂ ಅಂತರ ಇರಬಹುದು. ಸ್ಯಾಂಪಲ್ ತೆಗೆಯುವವರು ನೀರಿಗಿಳಿದು, ಶುದ್ಧ ಮಾಡಿದ ಬಾಟಲಿಯನ್ನು ಮುಳುಗಿಸಿ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ಒಯ್ಯುತ್ತಾರೆ. ಅಲ್ಲಿ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆದು ಚುಕ್ಕಿಯಾಗಿ ಕಾಣೋಕೆ ಸುಮಾರು ಒಂದು ದಿನವಾದರೂ ಬೇಕು. ಅಂದ್ರೆ ರಿಪೋರ್ಟ್ ಹೇಳೋದು ನಿನ್ನೆ ಮೊನ್ನೆಯ ನೀರಿನ ಕಥೆ, ಅಲ್ವಾ?

ಬಾವುಟಕ್ಕೆ ಮಳೆ ಗೊತ್ತಿಲ್ಲ. ಜೋರು ಮಳೆ ಬಂದರೆ ಊರಿನ ಚರಂಡಿ, ತೋಡು ಎಲ್ಲ ಕಡಲಿಗೇ ಸೇರುತ್ತವೆ. ಆಮೇಲೆ ಎರಡು ಮೂರು ದಿನ ಇಳಿಯದಿರುವುದು ಒಳ್ಳೆಯದು, ಅದರಲ್ಲೂ ಅಳಿವೆಯ ಹತ್ತಿರ. ಮೈಮೇಲೆ ಗಾಯ ಇದ್ದರೆ, ನೀರು ಬಾಯಿಗೆ ಹಾಕಿಕೊಳ್ಳುವ ಚಿಕ್ಕ ಮಕ್ಕಳಿದ್ದರೆ ಇನ್ನೂ ಹುಷಾರು. ನೀರು ತಿಳಿಯಾಗಿ ಕಂಡರೂ ಅಷ್ಟೇ, ಬ್ಯಾಕ್ಟೀರಿಯಾ ಕಣ್ಣಿಗೆ ಕಾಣಲ್ಲ.