ನದಿ ಉಳಿಸುವ ಚೀಲ

ಜೂನ್ 5ಕ್ಕೆ ಮಂಡ್ಯದಲ್ಲಿ ಒಂದು ಕಾರ್ಯಕ್ರಮ. ವಿಷಯ, ಕಾವೇರಿ ಉಳಿಸಿ. ಬಾಗಿಲಲ್ಲೇ ಎಲ್ಲರ ಕೈಗೂ ಒಂದೊಂದು ಚರ್ಮದ ಚೀಲ ಕೊಟ್ಟರು. ಒಳಗೆ ಪೆನ್ನು, ನೋಟ್‌ಬುಕ್ಕು, 'ಪ್ಲಾಸ್ಟಿಕ್ ಬೇಡ' ಅನ್ನುವ ಸ್ಟಿಕರ್ರು. "ಅಪ್ಪಟ ನ್ಯಾಚುರಲ್ಲು ಸಾರ್" ಅಂದರು ಸಂಘಟಕರು.

ನಿಜವೇ. ಎಮ್ಮೆ ಮೈಮೇಲೆ ಇರುವ ತನಕ ನ್ಯಾಚುರಲ್ಲೇ.

ಆಮೇಲೆ ಕೊಳೆಯದಿರಲಿ ಅಂತ ಉಪ್ಪು ಸುರಿಯುತ್ತಾರೆ. ಕೂದಲು ಉದುರಲಿ ಅಂತ ಸುಣ್ಣ, ಸೋಡಿಯಂ ಸಲ್ಫೈಡ್. ಕ್ರೋಮಿಯಂ ಸಲ್ಫೇಟ್ ಹಾಕಿ ಡ್ರಮ್ಮಿನಲ್ಲಿ ಉರುಳಿಸಿದರೆ ಸುಮಾರು ಒಂದು ದಿನದಲ್ಲಿ ಹದ. ಹಾಕಿದ ಕ್ರೋಮಿಯಂ ಪೂರ್ತಿ ಚರ್ಮ ಹೀರುವುದಿಲ್ಲ, ಮಿಕ್ಕಿದ್ದು ನೀರಿನ ಜೊತೆ ಆಚೆಗೆ. ಒಂದು ಕೆಜಿ ಹಸಿ ಚರ್ಮಕ್ಕೆ 30-40 ಲೀಟರ್ ನೀರು ಬೇಕು. ಒಂದು ಟನ್ ಹಸಿ ಚರ್ಮ ಹಾಕಿದರೆ ಕೈಗೆ ಸಿಗುವುದು 200-250 ಕೆಜಿ.

ವೇದಿಕೆ ಮೇಲೆ ಭಾಷಣಕಾರರು ಕಟ್ಟೆ ಲೆಕ್ಕದಲ್ಲಿದ್ದರು. 124.80 ಅಡಿ! ನಮ್ಮೂರ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬಾಯಿಗೆ ಬರುವ ಸಂಖ್ಯೆ ಅದು. ಕೆಆರ್‌ಎಸ್‌ನಿಂದ ಕೆಳಗೆ ಹೋದ ನೀರಿನ ಹನಿಹನಿಗೂ ಲೆಕ್ಕ ಇತ್ತು. ಅವರ ತೊಡೆ ಮೇಲಿದ್ದ ಚೀಲ ಕುಡಿದ ನೀರು ಯಾವ ಟಿಎಂಸಿಗೆ ಸೇರುತ್ತದೆ ಅಂತ ಚೀಟಿ ಕಳಿಸಿದೆ. ಓದಿದರು, ಮಡಚಿದರು, ಅದೇ ಚೀಲದೊಳಗೆ ಹಾಕಿಕೊಂಡರು.

ಪಾಲಾರ್ ನದಿ ಹುಟ್ಟುವುದು ನಮ್ಮ ರಾಜ್ಯದಲ್ಲೇ. ಗಡಿ ದಾಟಿ ತಮಿಳುನಾಡಿನ ವಾಣಿಯಂಬಾಡಿ, ಆಂಬೂರು ಕಡೆ ಹೋದ ಮೇಲೆ ಅದಕ್ಕೆ ಏನಾಯಿತು ಅನ್ನುವುದು 1996ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ಕೆಡಿಸಿದವನೇ ಕಾಸು ಕೊಡಬೇಕು ಅಂದ ಕೋರ್ಟು, ಚರ್ಮ ಹದ ಮಾಡುವ ಒಂದೊಂದು ಟ್ಯಾನರಿಗೆ 10,000 ರೂಪಾಯಿ ದಂಡ ಹಾಕಿತು. ಇವತ್ತು ಒಂದು ಜೊತೆ ಒಳ್ಳೆ ಬೂಟಿಗೆ ಸರಿಹೋಗುತ್ತದೆ. ದಂಡ ಬಿದ್ದ ಟ್ಯಾನರಿಗಳಲ್ಲಿ ಈರೋಡ್ ಕಡೆಯವೂ ಇದ್ದವು. ಈರೋಡ್ ಅಂದರೆ ಗೊತ್ತಲ್ವಾ, ನಾವು ಅತ್ತು ಕರೆದು ಬಿಟ್ಟ ಕಾವೇರಿ ಹರಿದು ಹೋಗುವ ಊರು. ನೀರೂ ನಮ್ಮದೇ, ಚೀಲವೂ ನಮ್ಮದೇ. ನಡುವೆ ಆಗಿದ್ದು ಮಾತ್ರ ನಮ್ಮದಲ್ಲ!

ಹಿಂದೆ ನಮ್ಮ ಕಡೆ ಚರ್ಮವನ್ನು ತಂಗಡಿ ಗಿಡದ ತೊಗಟೆಯಲ್ಲಿ ವಾರಗಟ್ಟಲೆ ನೆನೆಸಿ ಹದ ಮಾಡುತ್ತಿದ್ದರು. ವಾಸನೆ ಅಂತ ಆ ಜನರನ್ನು ಊರಾಚೆ ಇಟ್ಟೆವು, ಅವರು ಹೊಲಿದ ಮೆಟ್ಟನ್ನು ಜಗಲಿ ತನಕ ತಂದೆವು. ಈಗ ಊರು ದೊಡ್ಡದಾಗಿದೆ, ಆಚೆ ಅನ್ನುವುದೂ ಸ್ವಲ್ಪ ದೂರ ಹೋಗಿದೆ. ರಾಜ್ಯದಾಚೆ.

ಊಟದ ಹೊತ್ತಿಗೆ ಸಂಘಟಕರ ಹತ್ತಿರ ಇದನ್ನೆಲ್ಲ ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ, ಪಾಪ. "ಮುಂದಿನ ವರ್ಷ ವೀಗನ್ ಲೆದರ್ ಕೊಡ್ತೀವಿ ಸಾರ್, ಸ್ಯಾಂಪಲ್ ಬಂದಿದೆ" ಅಂತ ತೋರಿಸಿದರು. ತಿರುಗಿಸಿ ನೋಡಿದೆ. ಪಾಲಿಯುರೆಥೇನ್. ಅಂದರೆ ಪ್ಲಾಸ್ಟಿಕ್ಕು.

ಸ್ಟಿಕರ್ ಮಾತ್ರ ಅದೇ ಇರುತ್ತದಂತೆ. ಜಾಸ್ತಿ ಪ್ರಿಂಟ್ ಹಾಕಿಸಿಬಿಟ್ಟಿದ್ದಾರೆ.