ಮೇಕೆ, ಮೀನು, ಮುಯ್ಯಿ

ಇಂಡೋನೇಷ್ಯಾದಲ್ಲಿ ಕೋಟ್ಯಧೀಶರಾಗುವುದು ಬಹಳ ಸುಲಭ. ನಮ್ಮ 1 ರೂಪಾಯಿಗೆ ಅಲ್ಲಿ 180ರ ಆಸುಪಾಸು ರುಪಿಯಾ ಬರುತ್ತದೆ. ಜೇಬಿನಲ್ಲಿ 55–60 ಸಾವಿರ ರೂಪಾಯಿ ಇದ್ದವರೆಲ್ಲ ಕೋಟಿವಂತರೇ. ಜವಳಿ ಗಿರಣಿಯಿಂದ ನಿವೃತ್ತನಾದ ಮೇಲೂ ನಾವು ಊರಿಗೆ ಹೋಗದೆ ಮಧ್ಯ ಜಾವಾದ ಸಲಾತಿಗಾ ಪಟ್ಟಣದಾಚೆ, ಮೆರ್ಬಾಬು ಬೆಟ್ಟದ ತಪ್ಪಲಿನ ಹಳ್ಳಿಯೊಂದರಲ್ಲಿ ಉಳಿದುಕೊಂಡೆವು. ತಂಪು ಹವೆ ಕಾರಣ ಎಂದು ಹೆಂಡತಿ ಹೇಳುತ್ತಾಳೆ. ನನಗೆ ಪಾಸ್‌ಬುಕ್ಕಿನ ಸೊನ್ನೆಗಳನ್ನು ನೋಡುವ ಚಟ. ದಾವಣಗೆರೆಗೆ ಹೋದರೆ ಅವೆಲ್ಲ ಉದುರಿಹೋಗುತ್ತವೆ.

ಇಷ್ಟು ಸೊನ್ನೆ ಇಟ್ಟುಕೊಂಡು ಸುಮ್ಮನೆ ಕೂರಬಾರದು ಎಂಬುದು ಅಕ್ಕನ ಗಂಡನ ಅಭಿಪ್ರಾಯ. ಭಾವ ಸೈಟು ವ್ಯವಹಾರದವರು. ಫೋನು ಮಾಡಿದರೆ ಆರೋಗ್ಯ ವಿಚಾರಿಸುವುದಕ್ಕಿಂತ ಮೊದಲೇ, "ಎಷ್ಟು ಗುಂಟೆ ತಗಂಡಿಯಪಾ?" ಅನ್ನುತ್ತಾರೆ.

"ಇಲ್ಲಿ ಹೊರಗಿನವರಿಗೆ ಭೂಮಿ ಬರೆದುಕೊಡಲ್ಲ ಭಾವ. 1960ರ ಕಾಯ್ದೆ. ಪೂರ್ತಿ ಒಡೆತನ ಇಲ್ಲಿನ ಪ್ರಜೆಗಳಿಗೆ ಮಾತ್ರ. ನಮಗೆ ಏನಿದ್ರೂ ಬಳಸೋ ಹಕ್ಕು, ಇಲ್ಲಾ ಗುತ್ತಿಗೆ."

"ಅಲ್ಲೇ ಯಾರಾದ್ರೂ ಹುಡುಗನ ಹೆಸರಲ್ಲಿ ಮಾಡ್ಸು ಮತ್ತೆ."

ಬಾಲಿಯಲ್ಲಿ ಹಾಗೆ ಮಾಡಿಸಿ, ತಾವೇ ಕಟ್ಟಿಸಿದ ಮನೆಯ ಗೇಟಿನ ಹೊರಗೆ ನಿಂತ ವಿದೇಶಿಯರ ಕಥೆಗಳು ಬೇಕಾದಷ್ಟಿವೆ. ಸಾಲದ್ದಕ್ಕೆ 1961ರ ಇನ್ನೊಂದು ನಿಯಮದ ಪ್ರಕಾರ ಕೃಷಿ ಭೂಮಿಯ ಒಡೆಯ ಆ ಭೂಮಿಯಿರುವ ಕೆಚಾಮತಾನ್‌ನಲ್ಲೇ, ಅಂದರೆ ಹೆಚ್ಚುಕಮ್ಮಿ ನಮ್ಮ ಹೋಬಳಿಯಷ್ಟು ಜಾಗದೊಳಗೇ, ವಾಸವಾಗಿರಬೇಕು. ಜಕಾರ್ತಾದ ಸಾಹುಕಾರನೂ ಇಲ್ಲಿ ಗದ್ದೆ ಕೊಳ್ಳುವಂತಿಲ್ಲ, ಕಾಗದದ ಮೇಲಾದರೂ. ಇದನ್ನು ಕೇಳಿ ಭಾವನಿಗೆ, ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ತಡೆದಿದ್ದ ನಮ್ಮ 79ಎ, 79ಬಿ ಕಲಮುಗಳು ನೆನಪಾಗಿ ಒಂದು ಕ್ಷಣ ಮಾತೇ ಹೊರಡಲಿಲ್ಲ. 2020ರಲ್ಲಿ ಕರ್ನಾಟಕ ಅವನ್ನು ಕೈಬಿಟ್ಟ ದಿನ ಮನೆಯಲ್ಲಿ ಹೋಳಿಗೆ ಮಾಡಿಸಿದ್ದವರು ಅವರು.

ಭೂಮಿಯ ದಾರಿ ಮುಚ್ಚಿದ ಮೇಲೆ ಉಳಿದವರು ಪಾಕ್ ಎರ್‌ತೇ. ಎರ್‌ತೇ ಎಂದರೆ ಹತ್ತಾರು ಮನೆಗಳ ಒಂದು ಕೇರಿ. ಎರಡನೇ ಮಹಾಯುದ್ಧದಲ್ಲಿ ಈ ದೇಶವನ್ನು ಹಿಡಿದಿದ್ದ ಜಪಾನೀಯರು ನೆರೆಹೊರೆಯ ಮೇಲೆ ಕಣ್ಣಿಡಲು ಮಾಡಿದ ಏರ್ಪಾಡು ಇದು. ಜಪಾನೀಯರು 1945ರಲ್ಲೇ ಹೋದರು, ಕಣ್ಣಿಡುವುದು ಉಳಿಯಿತು. ಕೇರಿಯ ಹಿರಿಯರೇ ಪಾಕ್ ಎರ್‌ತೇ; ಪಾಕ್ ಎಂದರೆ ನಮ್ಮ 'ರಾಯರೇ' ಇದ್ದ ಹಾಗೆ. ಮನೆಗೆ ನೆಂಟರು ಬಂದರೆ 24 ಗಂಟೆಯೊಳಗೆ ಅವರಿಗೆ ತಿಳಿಸಬೇಕೆಂದು ಕೇರಿಯ ಬಾಯಲ್ಲೇ ಫಲಕವಿದೆ. ಯಾರಿಗೆ ಹೆಣ್ಣು ನೋಡುತ್ತಿದ್ದಾರೆ, ಯಾರ ಪಂಪು ಕೆಟ್ಟಿದೆ, ಯಾರ ಹತ್ತಿರ ಎಷ್ಟು ಸೊನ್ನೆ ಇದೆ ಎಲ್ಲವೂ ಅವರಿಗೆ ಗೊತ್ತು. ನನ್ನ ಸೊನ್ನೆಗಳಿಗೆ ಅವರು ಸೂಚಿಸಿದ್ದು ಮೇಕೆ.

ಪದ್ಧತಿಯ ಹೆಸರು ಗಡುಹ್. ದುಡ್ಡಿದ್ದವರು ಮೇಕೆ ಕೊಡಿಸುವುದು, ಹುಲ್ಲಿದ್ದವರು ಸಾಕುವುದು, ಹುಟ್ಟಿದ ಮರಿಯಲ್ಲಿ ಇಬ್ಬರಿಗೂ ಪಾಲು. ನಮ್ಮಲ್ಲಿ ಕುರಿ ಪಾಲಿಗೆ ಬಿಡುತ್ತಾರಲ್ಲ, ಅದೇ. ಆದರೆ ಇಲ್ಲಿನ ಮೇಕೆಗೆ ನಮ್ಮ ಕಡೆಯ ಮೇಕೆಗಳ ಅಲೆದಾಟವಿಲ್ಲ. ಕಂಬಗಳ ಮೇಲೆ ಎತ್ತರಿಸಿದ ಬಿದಿರಿನ ಅಟ್ಟದ ಮನೆ, ಹಲಸಿನೆಲೆ, ಗೊಬ್ಬರದ ಗಿಡದ ಸೊಪ್ಪು ಎಲ್ಲವೂ ಬಾಯಿಗೇ ಬರುತ್ತದೆ. ಹಿಕ್ಕೆ ಸಂದಿಯಿಂದ ಕೆಳಗೆ ಬೀಳುತ್ತದೆ, ತರಕಾರಿ ಬೆಳೆಯುವವರು ದುಡ್ಡು ಕೊಟ್ಟು ಒಯ್ಯುತ್ತಾರೆ. ಹಿಕ್ಕೆ ಸಾಕಿದವರಿಗೆ. ಬಂಡವಾಳ ಹಾಕಿದವನಿಗೆ ಅದರ ವಾಸನೆ.

ನನ್ನ ಪಾಲಿಗೆ ಬಂದವು ಪೆರಾನಾಕನ್ ಎತಾವಾ ತಳಿಯ ಎರಡು ಹೆಣ್ಣು ಮೇಕೆ. ಕಾದಿತ್ತು ಗ್ರಹಚಾರ. ಡಚ್ಚರ ಕಾಲದಲ್ಲಿ ಉತ್ತರ ಪ್ರದೇಶದ ಇಟಾವಾ ಕಡೆಯಿಂದ ಜಮುನಾಪಾರಿ ಮೇಕೆಗಳನ್ನು ತಂದು ಜಾವಾದ ಪುಟ್ಟ ಮೇಕೆಗೆ ಕೂಡಿಸಿ ಮಾಡಿದ ತಳಿಯಿದು. ಊರಿನಲ್ಲಿ ಎಲ್ಲರಿಗೂ ಇದು ಗೊತ್ತು. ಮೇಕೆಯ ಮೂಲ ಇಂಡಿಯಾ, ನನ್ನ ಮೂಲವೂ ಇಂಡಿಯಾ. ಆದ್ದರಿಂದ ನಾನು ತಜ್ಞ.

ಸಂಜೆಯಾದರೆ ಯಾರಾದರೊಬ್ಬರು ಅಂಗಳಕ್ಕೆ ಬರುತ್ತಿದ್ದರು. "ಪಾಕ್, ಮೇವು ಮುಟ್ತಾ ಇಲ್ಲ. ನಿಮ್ಮ ಕಡೆ ಏನು ಕೊಡ್ತಾರೆ?" ಲಿಂಗಾಯತರ ಮನೆಯಲ್ಲಿ ಬೆಳೆದ ನಾನು ಮೇಕೆಯನ್ನು ಹತ್ತಿರದಿಂದ ಕಂಡಿದ್ದರೆ ಪಿ.ಬಿ. ರಸ್ತೆ ದಾಟುವಾಗ, ಅದೂ ಇಬ್ಬರಿಗೂ ಜೀವಭಯವಿದ್ದಾಗ. ಇಟಾವಾಕ್ಕೂ ದಾವಣಗೆರೆಗೂ ಇರುವ ದೂರವನ್ನು ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಿದೆ. ಅವರು ವಿನಯ ಎಂದುಕೊಂಡರು. ಜಾವಾದವರಿಗೆ ವಿನಯ ಎಂದರೆ ಬಹಳ ಇಷ್ಟ. ಕೊನೆಗೆ, ನಮ್ಮಜ್ಜಿ ನಮಗೆ ಹೊಟ್ಟೆ ಉಬ್ಬರಿಸಿದರೆ ಕೊಡುತ್ತಿದ್ದ ಓಂಕಾಳು, ಶುಂಠಿ, ಬೆಲ್ಲ ಹೇಳಿ ಕಳಿಸಿದೆ. ದುರದೃಷ್ಟವಶಾತ್ ಮೇಕೆ ಗುಣವಾಯಿತು.

ಅಲ್ಲಿಂದ ಮುಂದೆ ನನ್ನನ್ನು ಮೇಕೆ ಸ್ಪರ್ಧೆಗೂ ಕರೆದೊಯ್ದರು. ಹೌದು, ಇಲ್ಲಿ ಮೇಕೆಗೆ ಸೌಂದರ್ಯ ಸ್ಪರ್ಧೆಯಿದೆ. ತಲೆ ಕಪ್ಪಗಿರಬೇಕು, ಮೂಗು ಬಾಗಿರಬೇಕು, ಕಿವಿ ಉದ್ದಕ್ಕೆ ಜೋತು ತುದಿಯಲ್ಲಿ ಮಡಚಿರಬೇಕು. ಅತಿಥಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನನ್ನು ಕೂರಿಸಿ ಎದುರಿಗೆ ಒಂದು ಹೋತವನ್ನು ನಿಲ್ಲಿಸಿದರು. ಅದು ನನ್ನನ್ನು ನೋಡಿದ ರೀತಿಯಲ್ಲಿ ನನ್ನ ಕಿವಿಗೇ ಅಂಕ ಬೀಳುವ ಹಾಗಿತ್ತು. ಏನೂ ತೋಚದೆ ಕನ್ನಡದಲ್ಲೇ "ಚೆನ್ನಾಗೈತಿ" ಅಂದುಬಿಟ್ಟೆ. ಮಾಲೀಕ ಆ ಮಾತನ್ನು ಅಲ್ಲಿದ್ದವರಿಗೆಲ್ಲ ಹೇಳಿಕೊಂಡು ಬಂದ. ಸಂಜೆಯ ಹೊತ್ತಿಗೆ ಹೋತದ ಬೆಲೆ ಏರಿತ್ತು. ನನಗೆ ಸಿಕ್ಕಿದ್ದು ಒಂದು ಟೊಪ್ಪಿಗೆ.

ನನ್ನ ಮೇಕೆಗಳೂ ಈದವು. ಬಕ್ರೀದಿನ ಮುಂಚೆ ಹೋತದ ಬೆಲೆ ಏರುತ್ತದೆ, ಆಗ ಮಾರುವುದೆಂದು ಲೆಕ್ಕ. ಸಸ್ಯಾಹಾರಿಯ ಬಂಡವಾಳ ಬಕ್ರೀದಿಗಾಗಿ ಕಾಯುವ ಪರಿಸ್ಥಿತಿಯನ್ನು ಭಾವನಿಗೆ ವಿವರಿಸಲಿಲ್ಲ. ಆದರೆ ಕುರ್ಬಾನಿಯ ಮೇಕೆಗೆ ವರ್ಷ ತುಂಬಿರಬೇಕು, ಅದಕ್ಕೆ ಗುರುತು ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಿರುವುದು. ಹಬ್ಬವೋ ಚಾಂದ್ರಮಾನದ್ದು, ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಹಬ್ಬ ಹತ್ತಿರ ಬಂತು, ಹಲ್ಲು ಬರಲಿಲ್ಲ. ಕೊಳ್ಳಲು ಬಂದವರು ಒಬ್ಬೊಬ್ಬರೂ ನಮ್ಮ ಹೋತದ ತುಟಿ ಎತ್ತಿ ನೋಡಿ, ನನ್ನತ್ತ ತಿರುಗಿ ಮರುಕದಿಂದ ತಲೆಯಾಡಿಸಿದರು.

ಹೋಗಲಿ, ಸಂತೆಯಲ್ಲಿ ಸಿಕ್ಕಷ್ಟಕ್ಕೆ ಕೊಡೋಣವೆಂದರೆ ಸಂತೆಯನ್ನು ಹಿಡಿಯುವುದೇ ಒಂದು ವಿದ್ಯೆ. ಜಾವಾದವರಿಗೆ ಏಳು ದಿನದ ವಾರ ಸಾಲದೆಂದು ಐದು ದಿನದ ಇನ್ನೊಂದು ವಾರವಿದೆ: ಲೆಗಿ, ಪಾಹಿಂಗ್, ಪೊನ್, ವಾಗೆ, ಕ್ಲಿವೊನ್. ಎರಡೂ ಜೊತೆಜೊತೆಗೆ ಉರುಳುತ್ತಿರುತ್ತವೆ. ದನದ ಸಂತೆ ಸೇರುವುದು ಪೊನ್ ದಿನ. ಹೋದ ಸಲ ಮಂಗಳವಾರ ಕಂಡಿದ್ದೆನಲ್ಲ ಎಂದು ಮುಂದಿನ ಮಂಗಳವಾರ ಪಿಕಪ್ ಬಾಡಿಗೆ ಹಿಡಿದು ಹೋತವನ್ನು ಏರಿಸಿಕೊಂಡು ಹೋದರೆ ಬಯಲಿನಲ್ಲಿ ಒಬ್ಬ ಮಾತ್ರ ಇದ್ದ, ಅವನು ಮೂಟೆಗಟ್ಟಲೆ ಸಗಣಿ ತುಂಬುತ್ತಿದ್ದ. ಬಾಡಿಗೆ ಕೊಟ್ಟು ವಾಪಸಾದೆವು. ಹೋತಕ್ಕೆ ಪ್ರಯಾಣ ಹಿತವಾಗಿತ್ತು.

ಮೀನಿನ ವಿಷಯ ಬೇಗ ಮುಗಿಸುತ್ತೇನೆ, ಅದು ಬೇಗನೇ ಮುಗಿದದ್ದು. ಪಕ್ಕದ ಮನೆಯ ಹುಡುಗ ಫೋನಿನಲ್ಲಿ ವಿಡಿಯೊ ನೋಡಿ, ಟಾರ್ಪಾಲಿನ ಗುಂಡು ತೊಟ್ಟಿಯಲ್ಲಿ ಲೆಲೆ ಮೀನು ಸಾಕಿದರೆ ಮೂರೇ ತಿಂಗಳಿಗೆ ಮಾರಾಟ ಎಂದ. ಆ ವಿಡಿಯೊಗಳನ್ನು ಸೆಕೆಯ ಬಯಲುಸೀಮೆಯಲ್ಲಿ ತೆಗೆದಿರುತ್ತಾರೆ. ನಮ್ಮ ಬೆಟ್ಟದ ತಣ್ಣೀರಿನಲ್ಲಿ ಮೀನು ಬೆಳೆಯಲು ಆತುರಪಡಲಿಲ್ಲ. ದೊಡ್ಡವು ಚಿಕ್ಕವನ್ನು ನುಂಗುವುದರಲ್ಲಿ ಮಾತ್ರ ಚುರುಕಾಗಿದ್ದವು, ಹಾಗಾಗಿ ಎಣಿಸಿದಾಗಲೆಲ್ಲ ಕಡಿಮೆ. ಜನವರಿಯ ಒಂದು ರಾತ್ರಿ ಮಳೆ ಹೊಡೆದು ತೊಟ್ಟಿ ತುಂಬಿ ಹರಿಯಿತು. ಲೆಲೆಗೆ ಒದ್ದೆ ನೆಲದ ಮೇಲೂ ತೆವಳಿಕೊಂಡು ಹೋಗುವ ಶಕ್ತಿಯಿದೆ. ಬೆಳಗ್ಗೆ ನೋಡಿದರೆ ನನ್ನ ಬಂಡವಾಳವೆಲ್ಲ ಊರಿನ ಕಾಲುವೆಯಲ್ಲಿತ್ತು, ಮಕ್ಕಳ ಕೈಯಲ್ಲಿ ಬಕೆಟ್ಟಿತ್ತು. ಅವರ ಪ್ರಾಮಾಣಿಕತೆ ಮೆಚ್ಚಬೇಕು: ಒಡೆಯರ ಪಾಲೆಂದು ಜೀವಂತ ಮೀನಿನ ಬಕೆಟ್ಟೊಂದನ್ನು ತಂದು ನಮ್ಮ ಅಡುಗೆಮನೆಯ ಬಾಗಿಲಲ್ಲಿಟ್ಟರು. ಹೆಂಡತಿ ಆ ದಿನವೆಲ್ಲ ನನ್ನೊಂದಿಗೆ ಇಂಡೋನೇಷ್ಯನ್ ಭಾಷೆಯಲ್ಲೇ ಮಾತಾಡಿದಳು.

ಈ ದೊಡ್ಡ ವ್ಯವಹಾರಗಳ ನಡುವೆ ಸಣ್ಣವೂ ಇದ್ದವು. ಪ್ರತಿ ಮನೆಯ ಗೋಡೆಗೆ ಒಂದು ಚಿಕ್ಕ ಡಬ್ಬಿ ತೂಗುಬಿಟ್ಟಿರುತ್ತದೆ. ಹಿಂದೆ ಅದಕ್ಕೆ ಒಂದು ಚಿಟಿಕೆ ಅಕ್ಕಿ ಹಾಕುತ್ತಿದ್ದರಂತೆ, ಈಗ ನಮ್ಮ ಕೇರಿಯಲ್ಲಿ 500 ರುಪಿಯಾದ ನಾಣ್ಯ. ರಾತ್ರಿ ಗಸ್ತಿನವರು ಬಂದು ಒಯ್ಯುತ್ತಾರೆ, ಕೇರಿಯ ಖರ್ಚಿಗೆ. ದಿನವೂ ಯಾರು ಹಾಕುತ್ತಾ ಕೂರುತ್ತಾರೆಂದು ನನ್ನ ಹೆಂಡತಿ ತಿಂಗಳಿನದು ಒಟ್ಟಿಗೇ ಹಾಕಿದಳು. ನಡುರಾತ್ರಿ ಬಾಗಿಲು ಬಡಿದರು. ಪುಸ್ತಕದಲ್ಲಿ ಮುಂಗಡಕ್ಕೆ ಕಾಲಮ್ಮಿಲ್ಲ, ದಯವಿಟ್ಟು ವಾಪಸ್ ತಗೊಳ್ಳಿ, ನಾಳೆ ಮತ್ತೆ ಹಾಕಿ. ಟಾರ್ಚಿನ ಬೆಳಕಿನಲ್ಲಿ 14,500 ರುಪಿಯಾ ಎಣಿಸಿಕೊಟ್ಟು, ರಸೀದಿಗೆ ಸಹಿ ಹಾಕಿಸಿಕೊಂಡು ಹೋದರು.

ಇನ್ನು ಮದುವೆಗಳು. ಬಕ್ರೀದಿನ ತಿಂಗಳು ಇಲ್ಲಿ ಮದುವೆಯ ಸುಗ್ಗಿ, ಮರುತಿಂಗಳು ಸುರೊ ಬಂದರೆ ಯಾರೂ ಮಂಗಳಕಾರ್ಯ ಮಾಡುವುದಿಲ್ಲ. ಹಾಗಾಗಿ ಎಲ್ಲರೂ ಒಟ್ಟಿಗೇ ಕರೆಯುತ್ತಾರೆ. ಲಕೋಟೆಯಲ್ಲಿ ಕೊಟ್ಟದ್ದನ್ನು ಹೆಸರು ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ನಮ್ಮ ಮನೆಯ ಶುಭಕಾರ್ಯಕ್ಕೆ ಅಷ್ಟೇ ಅಥವಾ ಒಂದು ಕೈ ಹೆಚ್ಚಾಗಿ ತೀರಿಸುತ್ತಾರೆ. ಮುಯ್ಯಿಯ ಈ ಶಿಸ್ತಿಗೆ ನಮ್ಮ ಹಿರಿಯರೂ ತಲೆಬಾಗಬೇಕು. ತೊಂದರೆಯೇನೆಂದರೆ ನಮ್ಮ ಮಕ್ಕಳಿಬ್ಬರ ಮದುವೆಯೂ ಬೆಂಗಳೂರಿನಲ್ಲಿ ಆಗಿಹೋಗಿದೆ. ಕೊಟ್ಟದ್ದು ಬರುವ ದಾರಿಯೇ ಇಲ್ಲ. ಇದು ಕೇರಿಗೂ ಚಿಂತೆ, ಯಾರಿಗೂ ಋಣ ಇಟ್ಟುಕೊಂಡಿರಲು ಇಷ್ಟವಿಲ್ಲ. "ಮೊಮ್ಮಗನ ಕೂದಲು ತೆಗೆಸೋದನ್ನಾದ್ರೂ ಇಲ್ಲೇ ಇಟ್ಟುಕೊಳ್ಳಿ" ಎಂದು ಪಾಕ್ ಎರ್‌ತೇ ಸಲಹೆ ಕೊಟ್ಟರು. ಜವಳ ನಮ್ಮ ಮನೆದೇವರ ಗುಡಿಯಲ್ಲೇ ಆಗಬೇಕೆಂದು ಮಗಳು ಫೋನಿಟ್ಟಳು.

ಭಾವ ಇತ್ತೀಚೆಗೆ ಲೆಕ್ಕ ಕೇಳಿದರು. ದುಡ್ಡು ಹೋಗಿಲ್ಲ ಭಾವ, ಊರಿನಲ್ಲೇ ಇದೆ, ವಾಪಸ್ ತೆಗೆಯೋಕೆ ಮಾತ್ರ ಬರಲ್ಲ ಅಂದೆ. ಅವರ ಸೈಟುಗಳ ಕಥೆಯೂ ಅದೇ ಆಗಿದ್ದರಿಂದ ಅವರಿಗೆ ತಕ್ಷಣ ಅರ್ಥವಾಯಿತು.

ಲಾಭ ಎಂದು ಕೈಗೆ ಬಂದದ್ದು ಅರಿಸಾನ್‌ನಲ್ಲಿ. ಅದು ಇವರ ಚೀಟಿ. ನಮ್ಮಲ್ಲಿಯ ಹಾಗೆ ಹರಾಜು ಕೂಗಿ, ಕಷ್ಟದಲ್ಲಿದ್ದವನು ಬಿಟ್ಟುಕೊಟ್ಟ ದುಡ್ಡನ್ನು ಉಳಿದವರು ಹಂಚಿಕೊಳ್ಳುವ ಚಾಲಾಕಿತನ ಇದರಲ್ಲಿಲ್ಲ. ತೂತುಮುಚ್ಚಳದ ಲೋಟದಲ್ಲಿ ಹೆಸರುಗಳನ್ನು ಸುರುಳಿ ಸುತ್ತಿ ಹಾಕಿ ಅಲ್ಲಾಡಿಸುತ್ತಾರೆ, ಯಾರ ಹೆಸರು ಬಿತ್ತೋ ಅವರಿಗೆ ಪೂರ್ತಿ ಗಂಟು. ನಮ್ಮ ಕೇರಿಯದು ಭಾನುವಾರ ಮತ್ತು ಲೆಗಿ ಕೂಡಿಬಂದ ದಿನ, ಅಂದರೆ 35 ದಿನಕ್ಕೊಮ್ಮೆ. ಒಂದು ಲೆಗಿ ಭಾನುವಾರ ನನ್ನ ಹೆಸರು ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಗೆದ್ದವರ ಮನೆಯಲ್ಲೇ ಮುಂದಿನ ಸಭೆ, ತಿಂಡಿ ಅವರದೇ ಎಂಬುದನ್ನು ಚಪ್ಪಾಳೆ ನಿಂತ ಮೇಲೆ ಹೇಳಿದರು.

ಹೆಂಡತಿ ಮಂಡಕ್ಕಿ, ಮೆಣಸಿನಕಾಯಿ ಎಂದು ನಿರ್ಧರಿಸಿದಳು. ಕಡಲೆಹಿಟ್ಟಿಗೆ ಜಕಾರ್ತಾದ ಪಾಸಾರ್ ಬಾರುವಿನ ಇಂಡಿಯನ್ ಅಂಗಡಿಗಳೇ ಗತಿ. ಹಿಟ್ಟಿನ ಬೆಲೆ, ಅದು ಬರಲು ಆದ ಖರ್ಚು, ಎಣ್ಣೆ, ಅಂಗಳಕ್ಕೆ ಚಾಪೆ ಎಲ್ಲ ಸೇರಿ ಗಂಟಿನ ಬಹುಭಾಗ ಕರಗಿತು. ಇಲ್ಲಿನವರು ಕರಿದ ತಿಂಡಿಯ ಜೊತೆ ಹಸಿ ಮೆಣಸಿನಕಾಯಿ ಕಚ್ಚಿಕೊಂಡು ತಿನ್ನುತ್ತಾರೆ, ತಟ್ಟೆಯ ಬದಿಗೆ ಅದು ಇರಲೇಬೇಕು. ನಾವು ಅದನ್ನು ಒಳಗೇ ಸೇರಿಸಿಬಿಟ್ಟಿದ್ದೇವೆ ಎಂದು ನನ್ನಾಕೆ ಬಂದವರಿಗೆಲ್ಲ ಹೆಮ್ಮೆಯಿಂದ ತಿಳಿಸಿದಳು. ಪಾಕ್ ಎರ್‌ತೇ ಒಂದು ಬಜ್ಜಿಯನ್ನು ಬಿಸಿಬಿಸಿಯಾಗಿ ಅರ್ಧ ಕಚ್ಚಿದರು, ಕಣ್ಣು ಮುಚ್ಚಿ ಅಗಿದರು, ಬಹಳ ರುಚಿಯಾಗಿದೆ ಅಂದರು. ಆಮೇಲೆ ತಟ್ಟೆಯ ಸುತ್ತ ಕಣ್ಣಾಡಿಸಿ, ನೆಂಚಿಕೊಳ್ಳಲು ಒಂದೆರಡು ಹಸಿ ಮೆಣಸಿನಕಾಯಿ ಸಿಗಬಹುದೇ ಎಂದು ಕೇಳಿದರು.