ರೀಮೇಕ್ ಅಲ್ಲ ಸಾರ್, ಸ್ವಮೇಕ್ ಓಎಸ್!

ಹೋದ ನವೆಂಬರಲ್ಲಿ ಒಂದು ಇಂಜಿನಿಯರಿಂಗ್ ಕಾಲೇಜಿಂದ ಫೋನ್ ಬಂತು, ಯಾವ ಕಾಲೇಜು ಅನ್ನೋದು ಬೇಡ ಬಿಡಿ, ಊಟ ಇದೆ ಬನ್ನಿ ಅಂದ್ರು, ಹೋದೆ. 'ಸಂಪೂರ್ಣ ಸ್ವದೇಶಿ ಕನ್ನಡ ಆಪರೇಟಿಂಗ್ ಸಿಸ್ಟಂ ಲೋಕಾರ್ಪಣೆ' ಅಂತ ಬಾಗಿಲಗಲ ಬ್ಯಾನರ್ (ಓಎಸ್ ಅಂದ್ರೆ ಇದೇ, ವಿಂಡೋಸ್ ಥರ ಕಂಪ್ಯೂಟರ್ ನಡೆಸೋ ಮೂಲ ಸಾಫ್ಟ್‌ವೇರ್). ದೀಪ ಹಚ್ಚಿದ್ದಾಯ್ತು, ಮುಖ್ಯ ಅತಿಥಿಗಳಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲಾ ಆಯ್ತು, ಪ್ರಿನ್ಸಿಪಾಲ್ರು ಎದ್ದು ನಮ್ಮ ಹುಡುಗ್ರು ಆರು ತಿಂಗಳು ನಿದ್ದೆಗೆಟ್ಟು ಕಟ್ಟಿದಾರೆ ಸಾರ್, ಇದು ರೀಮೇಕ್ ಅಲ್ಲ, ಅಪ್ಪಟ ಸ್ವಮೇಕ್ ಅಂದ್ರು. ಪರದೆ ಮೇಲೆ ವಿಧಾನಸೌಧ ಮೂಡ್ತು, ಹಿಂದೆ ಹಳದಿ ಕೆಂಪು, ಕೆಳಗೆ 'ಸಿರಿಗನ್ನಡಂ ಗೆಲ್ಗೆ'. ಭರ್ಜರಿ ಚಪ್ಪಾಳೆ.

ಅಲ್ಲಿಗೇ ನಿಲ್ಲಿಸಿದ್ರೆ ಮಾನ ಉಳೀತಿತ್ತು. ಡೆಮೋ ಕೊಡ್ತಿದ್ದ ಹುಡುಗ ಹುರುಪಲ್ಲಿ ಟರ್ಮಿನಲ್, ಅಂದ್ರೆ ಕಮಾಂಡ್ ಕುಟ್ಟೋ ಕಿಟಕಿ ತೆಗೆದು, ಹೊಸ ಅಪ್‌ಡೇಟ್ ಏನಿದೆ ನೋಡು ಅನ್ನೋ 'ಸೂಡೋ ಆಪ್ಟ್ ಅಪ್‌ಡೇಟ್' ಕುಟ್ಟೇಬಿಟ್ಟ. ಸರಸರ ಅಂತ ಸಾಲುಗಳು ಇಳಿಯಕ್ಕೆ ಶುರು, ಪ್ರತಿ ಸಾಲಲ್ಲೂ 'ಇನ್ ಡಾಟ್ ಆರ್ಕೈವ್ ಡಾಟ್ ಉಬುಂಟು ಡಾಟ್ ಕಾಮ್', ಅಂದ್ರೆ ಉಬುಂಟು ಅನ್ನೋ ಹೊರದೇಶದ ರೆಡಿಮೇಡ್ ಓಎಸ್‌ನ ವಿಳಾಸ. ಮುಖ್ಯ ಅತಿಥಿಗಳು ಕನ್ನಡಕ ಮೇಲೇರಿಸಿ "ಇದೇನ್ರೀ ಉಬುಂಟು?" ಅಂದ್ರು. ಹುಡುಗನ ಮುಖ ಬೆಳ್ಳಗಾಯ್ತು. ಪ್ರಿನ್ಸಿಪಾಲ್ರು ಮಾತ್ರ ಕಣ್ಣು ಮಿಟುಕಿಸ್ಲಿಲ್ಲ, "ಮೊದಲಲ್ಲಿ ಇನ್ ಅಂತಿದೆ ನೋಡಿ ಸಾರ್, ಇನ್ ಅಂದ್ರೆ ಇಂಡಿಯಾ". ಇನ್ನೊಂದು ಸುತ್ತು ಚಪ್ಪಾಳೆ.

ಹಂಗಂತ ಇನ್ನೊಬ್ರ ಓಎಸ್ ತಗೊಂಡು ನಮ್ದು ಮಾಡ್ಕೊಳ್ಳೋದು ಕಳ್ಳತನ ಏನಲ್ಲ, ಅದಕ್ಕೆ ಅಂತಾನೇ ಕೊಟ್ಟಿರೋದು. 1993ರಲ್ಲಿ ಇಯಾನ್ ಮರ್ಡಾಕ್ ಅನ್ನೋ ಹುಡುಗ ತಾನು ಶುರು ಮಾಡಿದ ಓಎಸ್‌ಗೆ, ತನ್ನ ಗೆಳತಿ ಡೆಬ್ರಾ ಹೆಸರನ್ನ ತನ್ನ ಹೆಸರಿಗೆ ಗಂಟು ಹಾಕಿ ಡೆಬಿಯನ್ ಅಂತಿಟ್ಟ, ಲಗ್ನಪತ್ರಿಕೆ ಥರ. 2004ರಲ್ಲಿ ಅದರಿಂದ ಉಬುಂಟು ಹುಟ್ತು, 2006ರಲ್ಲಿ ಉಬುಂಟುವಿಂದ ಮಿಂಟ್. ಇವರೆಲ್ಲ ವಂಶಾವಳಿ ಮುಚ್ಚಿಡಲ್ಲ. ಸಿಸ್ಟಂ ಒಳಗೆ 'ಓಎಸ್-ರಿಲೀಸ್' ಅಂತ ಒಂದು ಪುಟ್ಟ ಫೈಲಿದೆ, ಅದರಲ್ಲಿ 'ಐಡಿ ಲೈಕ್' ಅನ್ನೋ ಸಾಲಲ್ಲಿ ಮಿಂಟು ನಿಯತ್ತಾಗಿ 'ಉಬುಂಟು ಡೆಬಿಯನ್' ಅಂತ ಬರ್ಕೊಂಡಿರುತ್ತೆ, ಅಜ್ಜಂದಿರ ಕಾಲಿಗೆ ಬೀಳೋವಾಗ ಗೋತ್ರ ಸೂತ್ರ ಹೇಳಿದ ಹಾಗೆ. ನಮ್ಮ ಹುಡುಗ್ರು ಅದೇ ಫೈಲಲ್ಲಿ ಹೆಸರಿನ ಸಾಲು ಮಾತ್ರ ಬದಲಾಯಿಸಿದ್ರು, ಗೋತ್ರದ ಸಾಲು ಅಳಿಸೋದು ಮರ್ತಿದ್ರು. ಊಟಕ್ಕೆ ಎಲೆ ಹಾಕೋ ಗಡಿಬಿಡೀಲಿ ಮೆಲ್ಲಗೆ ತೆಗೆದು ನೋಡ್ದೆ, ಪಾಪ.

ಆರು ತಿಂಗಳು ನಿದ್ದೆಗೆಟ್ಟಿದ್ದು ಯಾಕೋ ಗೊತ್ತಿಲ್ಲ, ಕ್ಯೂಬಿಕ್ ಅಂತ ಒಂದು ಟೂಲ್ ಇದೆ, ಉಬುಂಟು ಐಎಸ್‌ಓ (ಇನ್‌ಸ್ಟಾಲ್ ಮಾಡೋ ಫೈಲು) ಕೊಟ್ಟು, ಬೇಡದ್ದು ಕಿತ್ತು, ವಾಲ್‌ಪೇಪರ್ ಹಾಕಿ, ನೆಕ್ಸ್ಟ್ ನೆಕ್ಸ್ಟ್ ಒತ್ತಿದ್ರೆ ಮಧ್ಯಾಹ್ನದ ಊಟದೊಳಗೆ ನಿಮ್ಮ ಹೆಸರಲ್ಲೂ ಒಂದು ಓಎಸ್ ರೆಡಿ. ಅಂಗಡಿ ದೋಸೆಹಿಟ್ಟು ತಂದು ಮನೇಲೇ ರುಬ್ಬಿದ್ದು ಅನ್ನೋರಾದ್ರೂ ಚಟ್ನಿ ಮಾಡ್ತಾರೆ ಕಣ್ರೀ. 2023ರ ಡೆಬಿಯನ್ 12ರಲ್ಲಿ 64 ಸಾವಿರದ ಮೇಲೆ ಪ್ಯಾಕೇಜುಗಳಿದ್ವು, ಅಂದ್ರೆ ರೆಡಿ ಸಾಫ್ಟ್‌ವೇರ್ ಕಟ್ಟುಗಳು, ಅದನ್ನೆಲ್ಲ ಜಗತ್ತಿನ ಯಾವ್ಯಾವುದೋ ಮೂಲೇಲಿ ಕೂತ ಸ್ವಯಂಸೇವಕರು ಸಂಬಳ ಇಲ್ದೆ ನೋಡ್ಕೋತಾರೆ, ಇಲ್ಲಿ ಶಾಲು ಹೊದಿಸ್ಕೊಳ್ಳೋದು ವಾಲ್‌ಪೇಪರ್ ಹಾಕಿದೋನು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಈ ಹುಚ್ಚು ನಮ್ಮವರಿಗೆ ಮಾತ್ರ ಅನ್ಕೋಬೇಡಿ. ಉಬುಂಟುವಲ್ಲಿ ಕ್ರೈಸ್ತರಿಗೆ ಅಂತ ಒಂದು ಎಡಿಷನ್ ಬಂದಿತ್ತು, ಅದನ್ನ ಗೇಲಿ ಮಾಡಕ್ಕೆ ಸೈತಾನನ ಎಡಿಷನ್ನೂ ಬಂತು, 2009ರಲ್ಲಿ ಟೀವಿ ಹುಡುಗಿ ಹಾನಾ ಮೊಂಟಾನಾ ಹೆಸರಲ್ಲಿ ಗುಲಾಬಿ ಬಣ್ಣದ ಲಿನಕ್ಸೇ ಬಂತು (ಡೆಬಿಯನ್, ಉಬುಂಟು ಎಲ್ಲ ಲಿನಕ್ಸ್ ಕುಟುಂಬದವೇ), ಅದರಡೀಲಿ ಇದ್ದಿದ್ದು ಉಬುಂಟುವಿನದೇ ಇನ್ನೊಂದು ರೂಪ ಕುಬುಂಟು. ದೇವರು ಸೈತಾನ ಇಬ್ರಿಗೂ ಅಪ್‌ಡೇಟ್ ಮಾತ್ರ ಒಂದೇ ಮನೆಯಿಂದ.

ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ, ನಮ್ಮ ಸಿಡ್ಯಾಕ್‌ನ ಬಾಸ್ ಇದೆಯಲ್ಲ (ಕರ್ನಾಟಕದಲ್ಲಿ ಬಾಸ್ ಅಂದ್ರೆ ಬೇರೆ ಅರ್ಥ, ಇದು ಭಾರತ್ ಆಪರೇಟಿಂಗ್ ಸಿಸ್ಟಂ ಸೊಲ್ಯೂಷನ್ಸ್), 2007ರಿಂದ ಇದೆ, ಡೆಬಿಯನ್ ಮೇಲೆ ಮಾಡಿದ್ದು ಅಂತ ಅವರೇ ಓಪನ್ನಾಗಿ ಹೇಳ್ತಾರೆ. 2023ರಲ್ಲಿ ರಕ್ಷಣಾ ಸಚಿವಾಲಯದ 'ಮಾಯಾ' ಸುದ್ದಿ ಆಯ್ತು, ಅದು ಉಬುಂಟು ಮೇಲಿನದು, ಅದರಲ್ಲೂ ತಪ್ಪೇನಿಲ್ಲ. ಆದ್ರೆ ವಾಟ್ಸಾಪಲ್ಲಿ ಫಾರ್ವರ್ಡ್ ಮಾಡೋ ನಮ್ಮ ಮಾವಂದಿರಿಗೆ ಆ ಮೇಲಿನದು ಕೆಳಗಿನದು ಎಲ್ಲ ಬೇಕಿಲ್ಲ, ಅವರ ಪ್ರಕಾರ ಮೈಕ್ರೋಸಾಫ್ಟ್ ಆವತ್ತೇ ಮನೆಗೆ ಹೋಗಿದೆ.

ಊಟ ಆದ್ಮೇಲೆ ಆ ಹುಡುಗನ್ನ ಹಿಡ್ಕೊಂಡೆ. ಕನ್ನಡ ಓಎಸ್ ಅಂದ್ಯಲ್ಲಪ್ಪ, ಮೆನು ಎಲ್ಲ ಇಂಗ್ಲಿಷಲ್ಲೇ ಇದೆ, ನೀನು ಅನುವಾದ ಮಾಡಿದ್ದು ಯಾವುದು ಅಂದೆ. "ವಾಲ್‌ಪೇಪರ್ ಸಾರ್" ಅಂದ. ಆಮೇಲೆ ಒಂಚೂರು ಯೋಚ್ನೆ ಮಾಡಿ "ಶಟ್‌ಡೌನಿಗೂ 'ಹೋಗಿ ಬನ್ನಿ' ಅಂತ ಹಾಕಿದ್ವಿ ಸಾರ್, ಆದ್ರೆ ಆ ಬಟನ್ ಕೆಲಸ ಮಾಡ್ತಿಲ್ಲ". ಇಂಥ ಬಗ್ (ದೋಷ) ಇದ್ರೆ ಯಾರಿಗೆ ಹೇಳ್ಬೇಕು ಅಂದ್ರೆ "ಉಬುಂಟುನೋರು ನೋಡ್ಕೋತಾರೆ ಸಾರ್". ಡೆಬಿಯನ್ ಮಂದಿ ಬೇಡ್ಕೊಳ್ಳೋದು ಇಷ್ಟೇ, ನೀವು ಹಚ್ಚಿದ ಬೆಂಕಿ ನೀವೇ ಆರಿಸಿ, ಏನಾದ್ರೂ ರಿಪೇರಿ ಮಾಡಿದ್ರೆ ನಮಗೂ ಕಳಿಸಿ ಅಂತ. ಈತ ಬೆಂಕಿ ಕಳಿಸಿದ, ರಿಪೇರಿ ಕಳಿಸಿಲ್ಲ.

ಮೊನ್ನೆ ಅದೇ ಕಾಲೇಜಿಗೆ ಬೇರೆ ಕೆಲಸಕ್ಕೆ ಹೋಗಿದ್ದೆ. ಹುಡುಗನಿಗೆ ವೈಟ್‌ಫೀಲ್ಡಲ್ಲಿ ಕೆಲಸ ಸಿಕ್ಕಿದೆ, ಅವನ ಓಎಸ್‌ನ ಡೌನ್‌ಲೋಡ್ ಲಿಂಕ್ ಒತ್ತಿದ್ರೆ ಆನ್‌ಲೈನ್ ರಮ್ಮಿ ಬರುತ್ತೆ. ಲ್ಯಾಬಿಗೆ ಇಣುಕಿದ್ರೆ ನಲವತ್ತೂ ಕಂಪ್ಯೂಟರಲ್ಲಿ ವಿಧಾನಸೌಧ, ಹಳದಿ ಕೆಂಪು, ಸಿರಿಗನ್ನಡಂ ಗೆಲ್ಗೆ. ಪರವಾಗಿಲ್ವೇ ಅನ್ಕೊಂಡು ಹತ್ರ ಹೋದೆ, ಬಲಗಡೆ ಮೂಲೇಲಿ ತೆಳ್ಳಗೆ 'ಆಕ್ಟಿವೇಟ್ ವಿಂಡೋಸ್' ಅಂತಿತ್ತು.

"ಓಎಸ್ ತೆಗೆದುಬಿಟ್ರಾ?" ಅಂತ ಅಟೆಂಡರನ್ನ ಕೇಳಿದೆ.

"ಇಲ್ವಲ್ಲ ಸಾರ್," ಅಂದ ಅವನು ಪರದೆ ಒರೆಸ್ತಾ, "ನಮ್ಮ ಹುಡುಗ್ರು ಮಾಡಿದ್ದಷ್ಟೂ ಹಂಗೇ ಇಟ್ಟಿದೀವಿ ನೋಡಿ."